ವಿದ್ಯೆಯಲ್ಲಿ ಕಾಯಕ, ಊರಿನಲ್ಲಿ ದಾಸೋಹ

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠಗಳು ಈ ನಾಡಿನ ವಿದ್ಯಾರ್ಥಿಗಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು ವಿದ್ಯೆಯ ದಾರಿಯನ್ನು ತೆರೆದುಕೊಟ್ಟ ಸಂಗತಿಯು ಇಲ್ಲಿ ಕುಳಿತವರೆಲ್ಲರಿಗೂ ತಿಳಿದದ್ದೇ ಆಗಿರುತ್ತದೆ. ಹಳ್ಳಿಯ ಬಡ ಒಕ್ಕಲಿಗನ ಮಗನು ತಲೆಯ ಮೇಲೆ ಹಾಸಿಗೆಯ ಸುರುಳಿಯನ್ನು ಹೊತ್ತು ಬಂದು, ಪ್ರಸಾದನಿಲಯದಲ್ಲಿ ಉಂಡು, ದೀಪದ ಬೆಳಕಿನಲ್ಲಿ ಓದಿ, ವಕೀಲನೋ ವೈದ್ಯನೋ ಶಿಕ್ಷಕನೋ ಆದನು. ಆ ಪ್ರಸಾದದ ಜೋಳವು ಬಂದದ್ದು ಊರೂರುಗಳ ಭಕ್ತರ ಕಣಗಳಿಂದ. ಅಂದ ಮೇಲೆ ಅವನನ್ನು ಸಾಕಿದ್ದು ಊರು. ಮಠವು ಅದಕ್ಕೆ ಕೈಯಾಯಿತು. ಹೀಗೆ ಸಾಕಿಸಿಕೊಂಡ ವಿದ್ಯಾರ್ಥಿಯು ಊರಿಗೆ ಏನನ್ನು ಮರಳಿಸಬೇಕು, ಮತ್ತು ಯಾವಾಗ ಮರಳಿಸಬೇಕು ಎಂಬುದೇ ಈ ದಿನದ ವಿಷಯವು.

ಇದಕ್ಕೆ ರೂಢಿಯಲ್ಲಿರುವ ಉತ್ತರವೊಂದುಂಟು. ಹುಡುಗನು ಮೊದಲು ಓದಲಿ, ಪದವೀಧರನಾಗಲಿ, ನೌಕರಿಯನ್ನು ಹಿಡಿಯಲಿ. ಅನಂತರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ತಾನುಂಡ ಮಠವನ್ನು ನೆನೆದು ಒಂದು ಕೋಣೆಯನ್ನೋ ಒಂದು ದಿನದ ದಾಸೋಹವನ್ನೋ ಮಾಡಿಸಲಿ ಎಂಬುದೇ ಆ ಉತ್ತರ. ಅನೇಕರು ಹಾಗೆ ಮಾಡಿಯೂ ಇದ್ದಾರೆ. ಗೋಡೆಗಳಲ್ಲಿ ಕೂಡಿಸಿದ ಕಲ್ಲಿನ ಫಲಕಗಳೇ ಅದಕ್ಕೆ ಸಾಕ್ಷಿಯಾಗಿವೆ. ನೆನೆಯದೆ ಹೋದವರ ಹೆಸರಿಗೆ ಫಲಕಗಳಿರುವುದಿಲ್ಲವಾದುದರಿಂದ ಅವರೆಷ್ಟು ಜನರೆಂಬುದು ಮಾತ್ರ ಯಾರಿಗೂ ತಿಳಿಯದು.

ಎರಡನೆಯ ಉತ್ತರವೊಂದು ಇತ್ತೀಚಿನ ಕಾಲದಲ್ಲಿ ವಿದ್ಯಾಪೀಠಗಳಲ್ಲಿ ಮೂಡಿ ಬಂದಿದೆ. ವಿದ್ಯಾರ್ಥಿಯು ಕಲಿತು ಮುಗಿದ ಮೇಲಲ್ಲ, ಕಲಿಯುತ್ತಿರುವಾಗಲೇ, ಕಲಿಯುವ ಪಾಠದ ಮೂಲಕವಾಗಿಯೇ, ತನ್ನ ಊರಿನ ಆಸ್ಪತ್ರೆ, ಅನಾಥಾಲಯ, ಶಾಲೆ, ಗ್ರಂಥಾಲಯ ಮುಂತಾದ ಸಂಸ್ಥೆಗಳಿಗೆ ಬೇಕಾದ ಒಂದು ಕೆಲಸವನ್ನು ಮಾಡಿಕೊಡಬೇಕು. ಆ ಕೆಲಸಕ್ಕೆ ಅವನ ಪಾಠಕ್ರಮದಲ್ಲಿ ಸ್ಥಾನವಿರಬೇಕು. ಅದಕ್ಕೆ ಗುಣಾಂಕಗಳೂ ಇರಬೇಕು ಎಂಬುದು ಇದರ ಸಾರ. ಸೇವೆಯೂ ಕಲಿಕೆಯೂ ಒಂದೇ ಕ್ರಿಯೆಯಾಗುವ ಈ ಪದ್ಧತಿಗೆ ‘ಸೇವಾಕಲಿಕೆ’ ಎನ್ನಬಹುದು. ಅಮೇರಿಕೆಯಲ್ಲಿ ಈ ಅರ್ಥದ ಹೆಸರನ್ನು 1967ರ ಸುಮಾರಿಗೆ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ‍್ಯಾಮ್ಸೆ ಎಂಬವರು ಬಳಕೆಗೆ ತಂದರು.

ವಿದ್ಯಾರ್ಥಿಗಳ ಸಮಾಜಸೇವೆಯು ಭಾರತಕ್ಕೆ ಹೊಸದಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಅದನ್ನು ಸ್ವಾತಂತ್ರ್ಯದ ಆರಂಭದಲ್ಲಿಯೇ ಸೂಚಿಸಿತ್ತು. 1969ನೆಯ ಇಸವಿಯ ಸೆಪ್ಟೆಂಬರ್ 24ರಂದು, ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಕೇಂದ್ರ ಶಿಕ್ಷಣಮಂತ್ರಿಗಳಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯು ಅದರ ನಿಯಮ. ಆ ಯೋಜನೆಯಿಂದ ಪಟ್ಟಣದ ತರುಣರು ಹಳ್ಳಿಯ ಮುಖವನ್ನು ಕಂಡರು; ರಕ್ತದಾನ, ಸ್ವಚ್ಛತೆ, ವನಮಹೋತ್ಸವಗಳು ನಡೆದವು. ಇದೆಲ್ಲವೂ ಸ್ತುತ್ಯವೇ ಸರಿ. ಆದರೂ ಒಂದು ಕೊರತೆಯನ್ನು ಮುಚ್ಚಿಡಲಾಗದು. ಸೇವೆಯು ಒಂದು ಕಡೆ, ಪಾಠವು ಇನ್ನೊಂದು ಕಡೆ ಉಳಿಯಿತು. ರಸಾಯನಶಾಸ್ತ್ರವನ್ನು ಓದುವ ತರುಣನು ಶಿಬಿರದಲ್ಲಿ ಗುದ್ದಲಿಯನ್ನು ಹಿಡಿದು ಚರಂಡಿಯನ್ನು ತೋಡಿದನು. ಆ ಊರಿನ ಬಾವಿಯ ನೀರಿನಲ್ಲಿ ಏನಿದೆಯೆಂಬುದನ್ನು ಪರೀಕ್ಷಿಸಿ ಹೇಳುವ ಕೆಲಸವು ಅವನ ಪಾಲಿಗೆ ಬರುವುದು ಅಪರೂಪವಾಗಿತ್ತು. ಗುದ್ದಲಿ ಹಿಡಿಯುವುದರಲ್ಲಿ ಅವನಿಗಿಂತ ಊರಿನವರೇ ಜಾಣರು. ಅವನು ಮಾತ್ರವೇ ಮಾಡಬಹುದಾದ ಕೆಲಸವನ್ನು ಅವನಿಂದ ಯಾರೂ ಬೇಡಲಿಲ್ಲ. ಶಿಬಿರದ ಏಳು ದಿನಗಳು ತೀರಿದ ಮೇಲೆ ನೆಟ್ಟ ಸಸಿಗಳಿಗೆ ನೀರೆರೆಯುವವರಾರೆಂಬ ಪ್ರಶ್ನೆಯು ಆಡುಗಳಿಗೇ ಬಿಟ್ಟದ್ದಾಗಿತ್ತು.

ಈ ಕೊರತೆಯನ್ನು ನೀಗಿಸಿದ ಒಂದು ಪ್ರಯೋಗದ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಉಚಿತವು. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಇಂಡಿಯಾನಾ ಪ್ರಾಂತದಲ್ಲಿ ವಾಬಾಶ್ ಎಂಬ ನದಿಯ ದಂಡೆಯ ಮೇಲೆ ಪರ್ಡ್ಯೂ ವಿಶ್ವವಿದ್ಯಾನಿಲಯವಿದೆ. ಅದು 1869ರಲ್ಲಿ ಸ್ಥಾಪಿತವಾದದ್ದು. ಜಾನ್ ಪರ್ಡ್ಯೂ ಎಂಬ ವ್ಯಾಪಾರಿಯು 1,50,000 ಡಾಲರುಗಳನ್ನು ದಾನವಾಗಿ ಕೊಟ್ಟನು. ಅವನ ಹೆಸರೇ ಸಂಸ್ಥೆಗೆ ನಿಂತಿತು. ವ್ಯಾಪಾರಿಗಳ ದಾನದಿಂದ ವಿದ್ಯಾಲಯಗಳು ಎದ್ದ ಕಥೆಯನ್ನು ಉತ್ತರ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದ ಎಡ್ವರ್ಡ್ ಕಾಯ್ಲ್ ಮತ್ತು ಲಿಯಾ ಜೇಮಿಸನ್ ಎಂಬ ಪ್ರಾಧ್ಯಾಪಕರಿಗೆ ಎರಡು ಸಂಗತಿಗಳು ಕಾಣಿಸಿದವು. ತಮ್ಮ ವಿದ್ಯಾರ್ಥಿಗಳು ಲೆಕ್ಕಗಳನ್ನು ಬಿಡಿಸುವುದರಲ್ಲಿ ನಿಪುಣರಾಗಿದ್ದರೂ, ನಿಜವಾದ ಮನುಷ್ಯನೊಬ್ಬನ ಮುಂದೆ ಕುಳಿತು ಅವನಿಗೆ ಬೇಕಾದುದೇನೆಂದು ಕೇಳಿ ತಿಳಿದು, ಹತ್ತು ಜನರೊಡನೆ ಕೂಡಿ ಅದನ್ನು ಮಾಡಿ ಮುಗಿಸುವುದನ್ನು ಅರಿಯರು ಎಂಬುದು ಮೊದಲನೆಯದು. ಊರಿನ ಧರ್ಮಸಂಸ್ಥೆಗಳಿಗೆ ಯಂತ್ರಗಳೂ ಗಣಕಯಂತ್ರದ ವ್ಯವಸ್ಥೆಗಳೂ ಬೇಕಾಗಿದ್ದರೂ ಅವುಗಳಿಗೆ ತೆರುವಷ್ಟು ಹಣವು ಆ ಸಂಸ್ಥೆಗಳಲ್ಲಿಲ್ಲ ಎಂಬುದು ಎರಡನೆಯದು. ಒಂದು ಕೊರತೆಯನ್ನು ಇನ್ನೊಂದರಿಂದ ತುಂಬಬಹುದೆಂದು ಅವರಿಗೆ ಹೊಳೆಯಿತು. 1995ರಲ್ಲಿ 40 ಜನ ವಿದ್ಯಾರ್ಥಿಗಳನ್ನು 5 ತಂಡಗಳಾಗಿ ಮಾಡಿ ‘ಎಪಿಕ್ಸ್’ ಎಂಬ ಹೆಸರಿನಿಂದ ಈ ಕಾರ್ಯವನ್ನು ಉಪಕ್ರಮಿಸಿದರು.

ಅವರ ಕಟ್ಟಳೆಗಳು ಲಕ್ಷ್ಯಕ್ಕೆ ತಂದುಕೊಳ್ಳತಕ್ಕವು. ಮೊದಲು ಸಂಸ್ಥೆಯನ್ನು ಆರಿಸುವಾಗಲೇ ನಾಲ್ಕು ಮಾತುಗಳನ್ನು ವಿಚಾರಿಸುವರು. ಕೆಲಸದಿಂದ ಊರಿಗೆ ನಿಜವಾದ ಪ್ರಯೋಜನವುಂಟೇ? ಅದು ವಿದ್ಯಾರ್ಥಿಗಳ ಶಕ್ತಿಗೆ ಮೀರದೆ, ಅವರ ವಿದ್ಯೆಗೆ ಕೆಳಗೂ ಆಗದೆ ಇರುವುದೇ? ಅದು ಸಾಕಷ್ಟು ಕಾಲ ನಡೆಯುವಂಥದೇ? ಸಂಸ್ಥೆಯವರು ತಾವೂ ವೇಳೆಯನ್ನು ಕೊಟ್ಟು ಕೂಡಿ ದುಡಿಯಲು ಸಿದ್ಧರೇ? ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದೆಂದು ತೋರುತ್ತದೆ. ಯಾಕೆಂದರೆ ಬೇಡದವನಿಗೆ ಮಾಡಿದ ಉಪಕಾರವು ಇಬ್ಬರಿಗೂ ಭಾರವೇ ಆಗುವುದು.

ಇನ್ನು ತಂಡದ ರಚನೆಯು. ಒಂದೊಂದು ತಂಡದಲ್ಲಿ 8ರಿಂದ 20 ವಿದ್ಯಾರ್ಥಿಗಳಿರುವರು. ಅವರೆಲ್ಲರೂ ಒಂದೇ ತರಗತಿಯವರಲ್ಲ. ನಿನ್ನೆ ಮೊನ್ನೆ ಕಾಲೇಜನ್ನು ಸೇರಿದ ಹುಡುಗಿಯೂ, ನಾಳೆ ಪದವಿಯನ್ನು ಪಡೆದು ಹೋಗುವ ಹಿರಿಯನೂ ಒಂದೇ ಮೇಜಿನ ಸುತ್ತ ಕೂಡುವರು. ವಿದ್ಯಾರ್ಥಿಯು ಒಂದು ಅವಧಿಗೆ ಮಾತ್ರವಲ್ಲದೆ ಎರಡು ಮೂರು ವರ್ಷಗಳವರೆಗೂ ಅದೇ ತಂಡದಲ್ಲಿದ್ದು ಪ್ರತಿ ಅವಧಿಗೂ ಗುಣಾಂಕಗಳನ್ನು ಗಳಿಸಬಹುದು. ತಂಡದಲ್ಲಿ ಒಬ್ಬನು ಮುಂದಾಳು, ಒಬ್ಬನು ಹಣದ ಲೆಕ್ಕವನ್ನಿಡತಕ್ಕವನು, ಒಬ್ಬನು ಸಂಸ್ಥೆಯವರೊಡನೆ ಮಾತುಕತೆಗೆ ಗೊತ್ತಾದವನು. ವಾರವಾರವೂ ಅಧ್ಯಾಪಕನ ಸಮಕ್ಷಮದಲ್ಲಿ ಕೂಡಿ, ಆದುದನ್ನೂ ಆಗದುದನ್ನೂ ಬರೆದಿಡಬೇಕು. ಒಬ್ಬ ವಿದ್ಯಾರ್ಥಿಯು ಹೊರಟುಹೋದರೂ ಅವನ ಹೊತ್ತಗೆಯನ್ನು ಓದಿ ಮುಂದಿನವನು ಕೆಲಸವನ್ನು ಎತ್ತಿಕೊಳ್ಳುವನು. ಆದುದರಿಂದ ಪಾಠದ ಅವಧಿಯು ನಾಲ್ಕು ತಿಂಗಳಿಗೆ ಮುಗಿದರೂ ಊರಿನ ಕೆಲಸವು ನಾಲ್ಕು ತಿಂಗಳಿಗೆ ಮುಗಿಯಬೇಕಾದುದಿಲ್ಲ. ಈ ಒಂದು ಏರ್ಪಾಡೇ ಇಡೀ ಪದ್ಧತಿಯ ಜೀವಾಳವು.

ಕೆಲಸಗಳ ಮಾದರಿಯೂ ಮನಮುಟ್ಟುವಂತಿದೆ. ಆರಂಭದ ತಂಡಗಳಲ್ಲೊಂದು ಅಂಗವೈಕಲ್ಯವುಳ್ಳ ಮಕ್ಕಳ ಚಿಕಿತ್ಸಾಲಯದೊಡನೆ ಕೂಡಿತು. ಕೈಬೆರಳುಗಳು ಹಿಡಿತಕ್ಕೆ ಬಾರದ ಮಗುವಿಗೆ ಅಂಗಡಿಯ ಆಟಿಗೆಯು ನಿರುಪಯುಕ್ತ. ಅದರ ಸಣ್ಣ ಗುಂಡಿಯನ್ನು ಅದು ಒತ್ತಲಾರದು. ಆಡಲಾರದ ಮಗುವಿಗೆ ಚಿಕಿತ್ಸೆಯಲ್ಲಿ ಉತ್ಸಾಹವೂ ಬಾರದು. ಹೀಗಾಗಿ ವಿದ್ಯುಚ್ಛಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಅಂಥ ಮಕ್ಕಳಿಗೆಂದೇ ಆಟಿಗೆಗಳನ್ನೂ ಆಟದ ಎಡೆಗಳನ್ನೂ ರಚಿಸತೊಡಗಿದರು. ಮೇಜಿನ ಮೇಲೆ ಸೊಗಸಾಗಿ ನಡೆಯುವ ಯಂತ್ರವು ಮಗುವಿನ ಕೈಗೆ ಹೋದಾಗ ನೆಲಕ್ಕೆ ಬೀಳುವುದು, ಬಾಯಿಗೆ ಹೋಗುವುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಂಥ ವಿಪತ್ತುಗಳಿರುವುದಿಲ್ಲ. ಅಲ್ಲಿ ತಪ್ಪಾದರೆ ಹೋಗುವುದು ಅಂಕವು. ಇಲ್ಲಿ ನೋಯುವುದು ಒಂದು ಮಗು.

ಇನ್ನೊಂದು ತಂಡವು ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆಗಳ ಒಕ್ಕೂಟವೊಂದಕ್ಕಾಗಿ ದುಡಿಯಿತು. ನಿರ್ಗತಿಕನೊಬ್ಬನು ಒಂದು ಸಂಸ್ಥೆಯಲ್ಲಿ ಉಣ್ಣುವನು, ಇನ್ನೊಂದರಲ್ಲಿ ಮಲಗುವನು, ಮತ್ತೊಂದರಲ್ಲಿ ಔಷಧವನ್ನು ಪಡೆಯುವನು. ಮೂವರೂ ತಂತಮ್ಮ ಪುಸ್ತಕದಲ್ಲಿ ಅವನನ್ನು ಬರೆದುಕೊಂಡರೆ ಊರಿನಲ್ಲಿ ಮನೆಯಿಲ್ಲದವರು ಮೂವರೆಂದಾಗುವುದು. ಎಣಿಕೆಯು ತಪ್ಪಿದರೆ ಸರಕಾರದ ಮುಂದೆ ನೆರವನ್ನು ಕೇಳುವ ಮಾತೂ ಹುಸಿಯಾಗುವುದು. ಹಾಗೆಂದು ಎಲ್ಲರ ಹೆಸರುಗಳನ್ನೂ ಎಲ್ಲರಿಗೂ ಕಾಣುವಂತೆ ಒಂದೆಡೆ ಬರೆದಿಡುವುದೂ ಸಲ್ಲದು. ಬಡವನಿಗೂ ಮಾನವುಂಟು, ಗಂಡನ ಹೊಡೆತಕ್ಕೆ ಹೆದರಿ ಓಡಿಬಂದ ಹೆಂಗಸಿಗೆ ತಾನೆಲ್ಲಿರುವೆನೆಂಬುದು ಹೊರಗೆ ತಿಳಿಯುವುದು ಪ್ರಾಣಕ್ಕೇ ಅಪಾಯವು. ಎಣಿಕೆಯು ಸರಿಯಾಗಬೇಕು, ಗುಟ್ಟೂ ಉಳಿಯಬೇಕು: ಈ ಎರಡನ್ನೂ ಸಾಧಿಸುವ ಗಣಕಯಂತ್ರದ ದಾಖಲೆಯನ್ನು ವಿದ್ಯಾರ್ಥಿಗಳು ರಚಿಸಬೇಕಾಯಿತು. ದಾಸೋಹವನ್ನು ನಡೆಸುವ ಸಂಸ್ಥೆಗಳಿಗೆ ಈ ತೊಡಕು ಏನೆಂಬುದು ಚೆನ್ನಾಗಿ ಅರ್ಥವಾಗುವುದು. ಎಲೆಗಳನ್ನು ಎಣಿಸಲೇಬೇಕು, ಆದರೆ ಪಂಕ್ತಿಯಲ್ಲಿ ಕುಳಿತವನನ್ನು ‘ನೀನಾರು, ಎಷ್ಟನೆಯ ಸಲ ಬಂದೆ’ ಎಂದು ಕೇಳುವಂತಿಲ್ಲ.

ಈ ಕಾರ್ಯಕ್ರಮಕ್ಕೆ ಅಮೇರಿಕೆಯ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯು 2005ರಲ್ಲಿ ಗಾರ್ಡನ್ ಪಾರಿತೋಷಕವನ್ನು ಕೊಟ್ಟು, ಕಾಯ್ಲ್, ಜೇಮಿಸನ್ ಮತ್ತು ಅವರೊಡನೆ ದುಡಿದ ವಿಲಿಯಂ ಓಕ್ಸ್ ಇವರನ್ನು ಗೌರವಿಸಿತು. ಬೇರೆ ಅನೇಕ ವಿದ್ಯಾಪೀಠಗಳೂ ಆ ಮಾದರಿಯನ್ನು ಅನುಸರಿಸಿದವು.

ಇಲ್ಲಿ ಶರಣತತ್ತ್ವವನ್ನು ಅರಿತವರಿಂದ ಒಂದು ಆಕ್ಷೇಪವು ಬರತಕ್ಕದ್ದೇ. ಗುಣಾಂಕಗಳಿಗಾಗಿ ಮಾಡಿದುದು ಸೇವೆಯೇ? ಫಲಾಪೇಕ್ಷೆಯುಳ್ಳ ದಾಸೋಹವುಂಟೇ? ಈ ಪ್ರಶ್ನೆಯು ಗಂಭೀರವಾದುದು. ಇದನ್ನು ನಗುತ್ತ ತಳ್ಳಿಬಿಡುವಂತಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಬಲ್ಲವರಿಗೆ ಉತ್ತರವು ಅಲ್ಲಿಯೇ ದೊರೆಯುವುದು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವನ ಮನೆಯೂ ನಡೆಯಿತು, ಜಂಗಮದಾಸೋಹವೂ ನಡೆಯಿತು. ಅಂದರೆ ಕಾಯಕಕ್ಕೆ ಪ್ರತಿಫಲವಿರುವುದು ದೋಷವೆಂದು ಶರಣರು ಎಣಿಸಲಿಲ್ಲ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಲ್ಲದೆ, ಹೆಚ್ಚಾದುದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳಿಸಿದಳು. ಅವಳು ವಿಚಾರಿಸಿದುದು ಕೂಲಿಯು ಬರಬೇಕೋ ಬಾರದೋ ಎಂಬುದನ್ನಲ್ಲ, ಕೂಲಿಗೆ ಮೀರಿ ಬಂದಿತೇ ಎಂಬುದನ್ನು.

ವಿದ್ಯಾರ್ಥಿಗೆ ದೊರೆಯುವ ಗುಣಾಂಕವು ಅವನ ದಿನದ ಅಕ್ಕಿ. ಅವನು ದುಡಿದಿದ್ದಾನೆ, ಕಲಿತಿದ್ದಾನೆ, ಅದನ್ನು ತೆಗೆದುಕೊಳ್ಳಲಿ. ಮೇಲಾಗಿ ಗುಣಾಂಕವಿದ್ದಲ್ಲಿ ಪರೀಕ್ಷೆಯೂ ಇರುವುದರಿಂದ, ಅರ್ಧಮರ್ಧ ಕೆಲಸವನ್ನು ಮಾಡಿ ‘ಸೇವೆಯಲ್ಲವೇ, ಆದಷ್ಟಾಯಿತು’ ಎಂದು ಕೈತೊಳೆದುಕೊಳ್ಳುವ ದಾರಿಯು ಮುಚ್ಚಿಹೋಗುವುದು. ಆದರೆ ಹೆಚ್ಚಿನ ಅಕ್ಕಿಯೆಂಬುದು ಇಲ್ಲಿಯೂ ಉಂಟು. ಅನಾಥಾಲಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳು, ಹಳ್ಳಿಯ ಹೆಂಗಸರಿಂದ ಕೇಳಿ ಬರೆದುಕೊಂಡು ಅವರಿಗೆ ಮರಳಿ ಓದಿ ಹೇಳದ ಸಂಗತಿಗಳು, ಆ ಸಂಗತಿಗಳಿಂದ ಹೆಣೆದ ಪ್ರಬಂಧಗಳು, ಪ್ರಬಂಧಗಳಿಂದ ಬಂದ ಬಡ್ತಿಗಳು, ವಿದ್ಯಾಪೀಠದ ವರದಿಯಲ್ಲಿ ಮೆರೆಯುವ ಊರುಗಳ ಸಂಖ್ಯೆ. ಇವೆಲ್ಲವೂ ವಾಡಿಕೆಯ ಅಳತೆಗೆ ಮೀರಿ ಆಯ್ದು ತಂದವೇ. ಇವುಗಳನ್ನು ಮರಳಿ ಕಳಿಸುವ ಲಕ್ಕಮ್ಮನು ಪ್ರತಿಯೊಂದು ವಿದ್ಯಾಪೀಠದ ಬಾಗಿಲಲ್ಲಿ ಬೇಕಾಗಿದ್ದಾಳೆ.

ಅಮೇರಿಕೆಯಲ್ಲಿಯೂ ಈ ಎಚ್ಚರಿಕೆಯನ್ನು ಹೇಳಿದವರಿದ್ದಾರೆ. 1968ರಲ್ಲಿ, ರಜೆಯ ದಿನಗಳಲ್ಲಿ ಮೆಕ್ಸಿಕೋದ ಹಳ್ಳಿಗಳನ್ನು ಉದ್ಧರಿಸಲೆಂದು ಹೊರಟಿದ್ದ ವಿದ್ಯಾರ್ಥಿಗಳ ಸಭೆಯಲ್ಲಿ ಇವಾನ್ ಇಲಿಚ್ ಎಂಬ ವಿಚಾರವಂತರು ಅವರ ಸದಿಚ್ಛೆಯನ್ನೇ ಕಠೋರವಾಗಿ ಖಂಡಿಸಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಉಪಕಾರ ಮಾಡಲು ಮಾತ್ರ ಬರಬೇಡಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಅಲ್ಲಿಯ ಭಾಷೆಯನ್ನೇ ಅರಿಯದವನಿಗೆ ಹಳ್ಳಿಗನು ‘ಬೇಡ’ ಎಂದದ್ದೂ ತಿಳಿಯದಲ್ಲವೇ? ಈ ಮಾತು ತುಸು ಅತಿಯಾಯಿತೆಂದು ಹೇಳಬಹುದು, ಸುಳ್ಳೆಂದು ಹೇಳಲಾಗದು. 2009ರಲ್ಲಿ ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯನ್ ಎಂಬವರು ಪ್ರಕಟಿಸಿದ ಗ್ರಂಥವೊಂದು ಸೇವೆಯನ್ನು ಪಡೆದ ಸಂಸ್ಥೆಗಳವರನ್ನೇ ಕೇಳಿ ಬರೆದದ್ದು. ಸ್ವಲ್ಪ ಕಾಲಕ್ಕಾಗಿ ಬಂದು ಹೋಗುವ ವಿದ್ಯಾರ್ಥಿಗಳಿಗೆ ಕೆಲಸವನ್ನು ಕಲಿಸುವುದರಲ್ಲಿಯೇ ಸಂಸ್ಥೆಯವರ ವೇಳೆಯು ವ್ಯಯವಾಗಿ, ಅವರು ಕಲಿತು ಕೈಗೆ ಬರುವಷ್ಟರಲ್ಲಿ ಅವಧಿಯು ತೀರಿರುತ್ತದೆಂಬ ದೂರು ಅದರಲ್ಲಿ ಎದ್ದು ಕಾಣುವುದು. ಆದರೂ ಆ ಸಂಸ್ಥೆಗಳವರು ಬಾಗಿಲನ್ನು ಹಾಕಲಿಲ್ಲ. ಎಳೆಯರಿಗೆ ಕಲಿಸುವುದೂ ತಮ್ಮ ಧರ್ಮವೆಂದು ಅನೇಕರು ಎಣಿಸಿದರು. ಇಲ್ಲಿ ದಾಸೋಹಿಗಳು ಯಾರು? ಸೇವೆಗೆಂದು ಹೋದ ವಿದ್ಯಾರ್ಥಿಗಳಿಗಿಂತ ಅವರನ್ನು ಸಹಿಸಿಕೊಂಡ ಸಂಸ್ಥೆಗಳೇ ಹೆಚ್ಚಾಗಿ ಆ ಹೆಸರಿಗೆ ತಕ್ಕವೆಂದು ತೋರುತ್ತದೆ.

ಮೇಲೆ ಹೇಳಿದ ಸಿಗ್ಮನ್ನರು 1979ರಲ್ಲಿ ಇದಕ್ಕೆ ಮೂರು ಸೂತ್ರಗಳನ್ನು ಹಾಕಿಕೊಟ್ಟಿದ್ದರು. ಸೇವೆಯು ಹೇಗಿರಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರವು ಸೇವೆಯನ್ನು ಪಡೆಯುವವರಿಗೇ ಇರಬೇಕು. ಅವರು ಆ ಸೇವೆಯಿಂದ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಷ್ಟು ಸಮರ್ಥರಾಗಬೇಕು. ಸೇವೆ ಮಾಡುವವನು ತಾನೂ ಕಲಿಯುವವನೇ ಆಗಿದ್ದು, ಏನನ್ನು ಕಲಿಯಬೇಕೆಂಬುದರಲ್ಲಿ ಅವನ ಮಾತಿಗೂ ಬೆಲೆಯಿರಬೇಕು. ಮೊದಲನೆಯ ಸೂತ್ರವೇ ಎಲ್ಲಕ್ಕೂ ಕಠಿಣವಾದುದು. ಓದಿದವನಿಗೆ ಓದದವನ ಅಪ್ಪಣೆಯಂತೆ ನಡೆಯುವುದು ಸುಲಭವಲ್ಲ. ಲಿಂಗವನ್ನು ಪೂಜಿಸುವ ಕೈಯು ಜಂಗಮದ ಮುಂದೆ ಬಾಗುವುದನ್ನು ಕಲಿತಿರುವ ಸಮಾಜದಲ್ಲಿಯಾದರೂ ಅದು ಸುಲಭವಾಗಬೇಕಾಗಿತ್ತು.

ಕರ್ನಾಟಕಕ್ಕೂ ಈ ವಿಚಾರವು ಬಂದು ಮುಟ್ಟಿದೆ. 1916ರಲ್ಲಿ ಏಳು ಜನ ತರುಣ ಅಧ್ಯಾಪಕರ ತ್ಯಾಗದಿಂದ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು, ಭೂಮರಡ್ಡಿಯವರ ದಾನದ ನೆರವಿನಿಂದ 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜು ಇಂದು ಸ್ವತಂತ್ರ ತಾಂತ್ರಿಕ ವಿಶ್ವವಿದ್ಯಾನಿಲಯವಾಗಿದೆ. ಊರಿನಲ್ಲಿ ತಿರುಗಾಡಿ, ಜನರನ್ನು ಮಾತನಾಡಿಸಿ, ಅವರ ತೊಡಕುಗಳಿಗೆ ಪರಿಹಾರವನ್ನು ಹುಡುಕುವ ಸಾಮಾಜಿಕ ನಾವೀನ್ಯವೆಂಬ ವಿಷಯವು ಅಲ್ಲಿಯ ಪಾಠಕ್ರಮದಲ್ಲಿ ಸೇರಿದೆ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನವು ವಿದ್ಯಾಸಂಸ್ಥೆಗಳನ್ನು ಹಳ್ಳಿಗಳೊಡನೆ ಕೂಡಿಸಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಸಮುದಾಯಸೇವೆಯ ಪಾಠಗಳಿಗೂ ಗುಣಾಂಕಗಳನ್ನು ಕೊಡಬೇಕೆಂದು ಹೇಳಿದೆ. ಕಾಗದದ ಮೇಲೆ ದಾರಿಯು ತೆರೆದಂತಾಯಿತು. ಕಾಗದದಿಂದ ಊರಿನವರೆಗಿನ ದಾರಿಯು ಬೇರೆ.

ಈ ದಾರಿಯಲ್ಲಿ ಮಠಗಳಿಗೆ ಸಹಜವಾದ ಒಂದು ಸ್ಥಾನವುಂಟು. ವಿದ್ಯಾರ್ಥಿಯು ನಾಲ್ಕು ವರ್ಷಗಳಿಗೆ ಹೋಗುವನು, ಪ್ರಾಧ್ಯಾಪಕನು ವರ್ಗವಾಗುವನು, ಅಧಿಕಾರಿಯು ಬದಲಾಗುವನು. ಮಠವು ಇದ್ದಲ್ಲಿಯೇ ಇರುವುದು. ಕೆಲಸವು ವರ್ಷದಿಂದ ವರ್ಷಕ್ಕೆ ಕೈಯಿಂದ ಕೈಗೆ ಸಾಗಬೇಕಾದರೆ ಇಂಥದೊಂದು ನೆಲೆಯು ಅವಶ್ಯವು. ಕೆಲಸಗಳಿಗೂ ಬರಗಾಲವಿಲ್ಲ. ಕೆಲವು ಮಠಗಳಲ್ಲಿ ತಾಳೆಗರಿಯ ಕಟ್ಟುಗಳು ಪಟ್ಟಿಯಿಲ್ಲದೆ ಬಿದ್ದಿವೆ. ಕನ್ನಡವನ್ನು ಓದುವ ಎಂ. ಎ. ತರಗತಿಯು ಅವುಗಳ ಯಾದಿಯನ್ನು ಮಾಡಿ, ಲಿಪಿಯನ್ನು ಓದುವುದನ್ನು ಕಲಿಯಬಹುದು. ಪ್ರಸಾದನಿಲಯದ ಬಾಲಕರ ಎತ್ತರ ತೂಕಗಳನ್ನು ವೈದ್ಯವಿದ್ಯಾರ್ಥಿಗಳು ವರ್ಷಕ್ಕೆರಡು ಸಲ ತೆಗೆದುಕೊಂಡು, ಯಾವ ಹುಡುಗನು ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲವೆಂಬುದನ್ನು ಹೇಳಬಹುದು. ಲೆಕ್ಕಶಾಸ್ತ್ರದವರು ಕಾಣಿಕೆಯ ಪುಸ್ತಕಗಳನ್ನು ನೋಡಬಹುದು. ಇದು ಎಲ್ಲರಿಗೂ ಹಿತವಾಗಲಿಕ್ಕಿಲ್ಲ, ಆದರೂ ನೋಡಬಹುದು.

ಇನ್ನು ದಾಸೋಹದ ಅಡಿಗೆಮನೆಯಿದೆ. ಒಲೆಗೆ ಹೋಗುವ ಕಟ್ಟಿಗೆಯೆಷ್ಟು, ಅದರ ಶಾಖದಲ್ಲಿ ಹೊಗೆಯಾಗಿ ಹೋಗುವುದೆಷ್ಟು, ಆ ಹೊಗೆಯನ್ನು ದಿನವೆಲ್ಲ ಉಸಿರಾಡುವವರ ಎದೆಯ ಗತಿಯೇನು ಎಂಬುದು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡಕ್ಕೆ ಮೂರು ವರ್ಷಗಳಿಗೆ ಸಾಕಾಗುವಷ್ಟು ಪಾಠವು. ಅವರು ಬರುವ ಮೊದಲ ದಿನ ಅಳತೆಯ ಉಪಕರಣಗಳನ್ನು ಚೀಲದಲ್ಲಿಯೇ ಇಟ್ಟು, ಬೆಳಗಿನ ಜಾವದಲ್ಲಿ ಒಲೆ ಹೊತ್ತಿಸುವವರ ಬಳಿಯಲ್ಲಿ ಕುಳಿತು, ಈ ಒಲೆಯಲ್ಲಿ ನಿಮಗೆ ತೊಂದರೆಯಾಗುವುದು ಯಾವುದು, ಬದಲಿಸಬಾರದುದು ಯಾವುದು ಎಂದು ಅವರನ್ನೇ ಕೇಳಬೇಕಾಗುವುದು. ಆ ದಿನ ಪಂಕ್ತಿಯಲ್ಲಿ ಬಡಿಸುವ ಕೆಲಸಕ್ಕೂ ಅವರಿಗೆ ಕರೆ ಬರುವುದು ನಿಶ್ಚಯ.